ಮಂಚದ ಪಕ್ಕದ ಚೊಂಬು

ನಿನ್ನೆ ನಾಗಮಂಗಲದಿಂದ ಮಗಳು ಸುಜಾತ ಬಂದಳು. ಬಂದವಳು ಕಾಫಿ ಕೂಡ ಕುಡಿಯದೆ ನಮ್ಮ ಮಲಗುವ ಕೋಣೆ ಗುಡಿಸಲು ನಿಂತಳು. ಅಪ್ಪ ಮನೆ ನೋಡಿಕೊಳ್ಳುತ್ತಾನೆ ಎಂದರೆ ಹೆಣ್ಣುಮಕ್ಕಳಿಗೆ ಮೊದಲು ನೆನಪಾಗುವುದು ಮಂಚದ ಕೆಳಗಿನ ಧೂಳು. ಪೊರಕೆಗೆ ಏನೋ ತಗಲಿ ಠಣ್ ಎಂದಿತು. ಒಂದು ಕಡೆ ನಗ್ಗಿದ ಹಿತ್ತಾಳೆ ಚೊಂಬು.

“ಅಪ್ಪಾ, ನೀನು ರಾತ್ರಿ ನೀರೇ ಕುಡಿಯಾಕಿಲ್ಲ. ಇದ್ಯಾಕಿಲ್ಲಿ?”

“ಇರ್ಲಿ ಬುಡವ್ವ, ಅಲ್ಲೇ ಇಕ್ಕು” ಎಂದು ಜಾರಿಕೊಂಡೆ. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನೀವಾದರೆ ನಮ್ಮ ಮನೆ ಗುಡಿಸಲು ಬರುವವರಲ್ಲ.

ನಾನು ಅರಕೆರೆ ಕಡೆಯ ನಾಲೆಯಲ್ಲಿ ನೀರುಗಂಟಿಯಾಗಿದ್ದವನು. ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ಎಂದು ಸರದಿ ನೋಡಿ ತೂಬು ಎತ್ತುವುದು, ಇಳಿಸುವುದು ನನ್ನ ಕೆಲಸ. ಹೆಂಡತಿ ತಾಯಮ್ಮ ಕಿಕ್ಕೇರಿಯವಳು. ಅವಳ ಶುಚಿ ಎಂದರೆ ಶುಚಿ. ಕೆಸರುಗಾಲಲ್ಲಿ ಬಂದರೆ ಹೊಸ್ತಿಲಾಚೆಯೇ ನನ್ನ ಕಾಲಿಗೆ ಎರಡು ಬಿಂದಿಗೆ ನೀರು ಬೀಳಬೇಕು. ಊರಿನ ಗದ್ದೆಗಳಿಗೆ ಯಜಮಾನಿಕೆ ಮಾಡಿದವನು ಮನೆಯಲ್ಲಿ ಅವಳು ಹೇಳಿದ ಕಡೆ ನಿಲ್ಲುತ್ತಿದ್ದೆ.

ನಾಲ್ಕೈದು ವರ್ಷದ ಹಿಂದೆ ಅವಳಿಗೆ ಮರೆವಿನ ಕಾಯಿಲೆ ಶುರುವಾಯಿತು. ಮೊದಲು ಉಪ್ಪಿನ ಡಬ್ಬ, ಆಮೇಲೆ ಬೀಗದ ಕೈ, ಆಮೇಲೆ ನೆಂಟರ ಹೆಸರು. ಅದಕ್ಕೆಲ್ಲ ಒಗ್ಗಿಕೊಂಡಿದ್ದೆ. ಒಂದು ಬೆಳಗ್ಗೆ ಎದ್ದರೆ ಹಾಸಿಗೆ ನೆನೆದಿತ್ತು. ತಾಯಮ್ಮ ಗೋಡೆಗೆ ಒರಗಿ, ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದು, ಹಾಸಿಗೆಯನ್ನೇ ನೋಡುತ್ತ ನಿಂತಿದ್ದಳು. ಎಷ್ಟೋ ಮರೆತಿದ್ದಳು, ನಾಚಿಕೆಯನ್ನು ಮರೆತಿರಲಿಲ್ಲ. ಆ ಮುಖ ನನ್ನಿಂದ ನೋಡಲಾಗಲಿಲ್ಲ.

“ನಾನೇ ಕಣೆ, ಕೈ ತಾಗಿ ಚೊಂಬು ಉರುಳ್ಬುಡ್ತು” ಎಂದುಬಿಟ್ಟೆ.

ಕೋಣೆಯಲ್ಲಿ ಚೊಂಬೇ ಇರಲಿಲ್ಲ! ಅಡುಗೆಮನೆಗೆ ಓಡಿ ಒಂದನ್ನು ತಂದು ಮಂಚದ ಪಕ್ಕ ಉರುಳಿಸಿದೆ. ಓಡುವ ಭರದಲ್ಲಿ ಬಾಗಿಲಿಗೆ ಬಡಿದು ಅದು ನಗ್ಗಿದ್ದೂ ಅವತ್ತೇ. ತಾಯಮ್ಮನ ಮುಖ ತಿಳಿಯಾಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಊರ್ಗೆಲ್ಲ ನೀರು ಬುಟ್ಟೋರ್ಗೆ ಒಂದ್ ಚೊಂಬು ನೀರ ನೆಟ್ಗೆ ಇಕ್ಕಳಕ್ಕೆ ಬರಾಕಿಲ್ವಾ?”

ಮದುವೆಯಾದ ಮೇಲೆ ಬೈಸಿಕೊಂಡು ಖುಷಿಪಟ್ಟದ್ದು ಅದೇ ಮೊದಲು. ವಾಸನೆಯ ವಿಚಾರವನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳಿಗೆ ಗೊತ್ತಾಗಬಾರದು, ಅಷ್ಟೇ ನನ್ನ ಹಟ. ಮಗಳಿಗೂ ಹೇಳಲಿಲ್ಲ.

ಹಾಸಿಗೆಗೆ ರಬ್ಬರ್ ಶೀಟು ಬೇಕಾಯಿತು. ಶ್ರೀರಂಗಪಟ್ಟಣದಲ್ಲಿ ಕೊಂಡರೆ ಗುರುತಿನವರು ನೋಡುತ್ತಾರೆಂದು ಪಾಂಡವಪುರಕ್ಕೆ ಹೋದೆ. ಅಂಗಡಿಯವನು “ಮಗೀಗೆ ಎಷ್ಟ್ ತಿಂಗ್ಳು?” ಎಂದ. ಅರವತ್ತೆಂಟು ವರ್ಷ ಎನ್ನಲಾಗದೆ “ಬೆಳೀತಾ ಅದೆ, ದೊಡ್ಡದೇ ಕೊಡಪ್ಪ” ಎಂದೆ. ಅಷ್ಟರಲ್ಲಿ ಬೆನ್ನ ಹಿಂದೆ “ಏನ್ ನೀರುಗಂಟಪ್ಪ, ಮೊಮ್ಮಗ ಬಂದವ್ನಾ?” ಎಂಬ ದನಿ. ನಾಲೆ ಹರಿದ ಕಡೆಯೆಲ್ಲ ನನಗೆ ಪರಿಚಯದವರು, ಏನು ಮಾಡಲಿ!

ಡೈಪರನ್ನೂ ತಂದು ನೋಡಿದೆ. ತಾಯಮ್ಮ ಅದನ್ನು ಬಿಚ್ಚಿ, ನೀಟಾಗಿ ಮಡಿಸಿ, ಬೀರುವಿನಲ್ಲಿ ನನ್ನ ಬನಿಯನ್ನುಗಳ ಜೊತೆ ಇಟ್ಟಳು. ಆಮೇಲೆ ನನ್ನ ಜಾಣತನ ಶುರುವಾಯಿತು. ಮಧ್ಯಾಹ್ನದಿಂದಲೇ ಅವಳಿಗೆ ನೀರು ಬಂದ್ ಮಾಡಿದೆ. ಮೂರೇ ದಿನಕ್ಕೆ ಉರಿಮೂತ್ರ. ಡಾಕ್ಟರಮ್ಮ ನನಗೆ ಚೆನ್ನಾಗಿ ಬೈದರು: “ಹಗಲೆಲ್ಲ ಕುಡಿಸಿ, ಸಂಜೆ ಮೇಲೆ ಕಮ್ಮಿ ಮಾಡಿ. ರಾತ್ರಿ ಹೊತ್ತು ನೋಡ್ಕೊಂಡು ಎಬ್ಬಿಸಿ ಕರ್ಕೊಂಡು ಹೋಗಿ.”

ಅಯ್ಯೋ, ಇದು ನನ್ನ ಕಸುಬೇ ಅಲ್ಲವೆ! ತೂಬು ಎತ್ತಿದ ಕೂಡಲೇ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ, ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿದಿರಬೇಕು. ಹಳೆಯ ಸರದಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಕಾಫಿ, ಮಜ್ಜಿಗೆ, ಸಾರು ಎಲ್ಲದರ ಹೊತ್ತು ಗುರುತು ಹಾಕಿದೆ. ಹನ್ನೊಂದಕ್ಕೆ ಒಮ್ಮೆ, ಮೂರಕ್ಕೆ ಒಮ್ಮೆ ಎಬ್ಬಿಸತೊಡಗಿದೆ. ಬಚ್ಚಲ ದಾರಿಗೆ ಸಣ್ಣ ಬಲ್ಬು ಹಾಕಿಸಿದೆ. ಈಗ ವಾರದಲ್ಲಿ ಐದು ದಿನ ಹಾಸಿಗೆ ಒಣಗಿಯೇ ಇರುತ್ತದೆ. ಮಿಕ್ಕ ಎರಡು ದಿನಕ್ಕೆ ಚೊಂಬು ಇದೆ.

ಈಚೆಗೆ ಅವಳು ಮಗಳ ಗುರುತನ್ನೂ ಮರೆತಿದ್ದಾಳೆ. ನಿನ್ನೆಯೂ “ಬನ್ನಿ ಮೇಡಮ್ಮು, ಕೂತ್ಕಳಿ” ಎಂದು ಕುರ್ಚಿ ಎಳೆದಳು. ಸುಜಾತ ನಕ್ಕು ಕೂತಳು. ಆಮೇಲೆ ಹಿತ್ತಿಲಿಗೆ ಹೋಗಿ ತುಂಬಾ ಹೊತ್ತು ಮುಖ ತೊಳೆದುಕೊಂಡಳು.

ರಾತ್ರಿ ಅವ್ವನ ಪಕ್ಕ ತಾನೇ ಮಲಗುತ್ತೇನೆಂದಳು. ನನ್ನನ್ನು ನಡುಮನೆಗೆ ಅಟ್ಟಿದಳು. ಮೂರಕ್ಕೆ ಎಬ್ಬಿಸಿ ಬಚ್ಚಲಿಗೆ ಕರ್ಕೊಂಡು ಹೋಗು ಎಂದಷ್ಟೇ ಹೇಳಿದ್ದೆ. ಬಸ್ಸಿನ ಸುಸ್ತಿಗೆ ಅವಳಿಗೆ ಎಚ್ಚರವಾಗಲಿಲ್ಲ. ಎಷ್ಟೋ ವರ್ಷದ ನಿದ್ದೆ ಬಾಕಿ ಇದ್ದ ನನಗೂ ಆಗಲಿಲ್ಲ.

ಬೆಳಗ್ಗೆ ಕೋಣೆಗೆ ಹೋದರೆ ಹಾಸಿಗೆ ಒದ್ದೆ. ತಾಯಮ್ಮ ಅದೇ ಗೋಡೆಗೆ ಒರಗಿ ನಿಂತಿದ್ದಳು, ಮುಷ್ಟಿಯಲ್ಲಿ ಅದೇ ನೆರಿಗೆ. ಆಗಷ್ಟೇ ಎದ್ದ ಸುಜಾತ ಹಾಸಿಗೆ ನೋಡಿ “ಅವ್ವಾ, ನೀನು…” ಎಂದು ಬಾಯಿ ತೆರೆದಳು. ನಡುಮನೆಯಲ್ಲಿ ಮಲಗಿದ್ದವನ ಕೈ ತಾಗಿ ಚೊಂಬು ಉರುಳಿತು ಎನ್ನುವುದು ಹೇಗೆ? ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಈಗ ಹೋಯಿತು ಅಂದುಕೊಂಡೆ.

ಸುಜಾತ ಅವ್ವನ ಮುಖ ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಮಂಚದ ಪಕ್ಕ ನೋಡಿದಳು. ಕಾಲ ತುದಿಯಿಂದ ಮೆಲ್ಲಗೆ ತಳ್ಳಿದಳು. ಚೊಂಬು ಠಣ್ ಎಂದು ಉರುಳಿತು.

“ನಾನೇ ಕಣವ್ವ. ಕಾಲು ತಾಗಿ ಉರುಳ್ಬುಡ್ತು.”

ತಾಯಮ್ಮ ಮುಷ್ಟಿ ಸಡಿಲಿಸಿದಳು. ಸೆರಗು ಸೊಂಟಕ್ಕೆ ಹೋಯಿತು.

“ನೀನೂವೆ ನಿಮ್ಮಪ್ಪನ್ ತರಾನೇ ಆಗೋದ್ಯಲ್ಲೇ ಸುಜಿ! ಒಂದ್ ಚೊಂಬು ನೀರ ನೆಟ್ಗೆ ಇಕ್ಕಳಕ್ಕೆ ಬರಾಕಿಲ್ವಾ?”

ಸುಜಿ! ವರ್ಷದ ಮೇಲಾಗಿತ್ತು ಆ ಹೆಸರು ಕೇಳಿ. ನನ್ನ ಮಗಳು ಕಣ್ಣೊರೆಸಿಕೊಳ್ಳಲೂ ಇಲ್ಲ. “ಇನ್ನೊಂದ್ ಸಲ ಬಯ್ಯವ್ವ” ಎಂದಳು. ತಾಯಮ್ಮ ಧಾರಾಳವಾಗಿ ಬೈದಳು.

ಇದನ್ನು ಬರೆಯುವ ಹೊತ್ತಿಗೆ ದುಪ್ಪಟಿ ತಂತಿಯ ಮೇಲೆ ಒಣಗುತ್ತಿದೆ. ಸುಜಾತ ಹಿತ್ತಿಲಲ್ಲಿ ಹುಣಸೆಹಣ್ಣು ಹಾಕಿ ಚೊಂಬು ಬೆಳಗುತ್ತಿದ್ದಾಳೆ. ತಾಯಮ್ಮ ಪಕ್ಕದಲ್ಲಿ ಕೂತು “ಚೆಂದಾಗಿ ಉಜ್ಜಿ ಮೇಡಮ್ಮು” ಎನ್ನುತ್ತಿದ್ದಾಳೆ. ಮಗಳು ನಾಳೆ ಹೋಗುವುದಿಲ್ಲವಂತೆ. ಇವತ್ತು ರಾತ್ರಿ ಮೂರರ ಸರದಿ ತನಗೇ ಬೇಕೆಂದು ಕೇಳಿದ್ದಾಳೆ. ಪುಸ್ತಕ ತೆಗೆದು ಬರೆದುಕೊಂಡಿದ್ದೇನೆ: ಹನ್ನೊಂದಕ್ಕೆ ನಾನು, ಮೂರಕ್ಕೆ ಸುಜಿ.