ಮಾತೆಫೊಳ ಜಗಲಿ

ಆಫ್ರಿಕಾದ ನಮ್ಮ ಲೆಸೊಥೊ ನಾಡಿನ ಬೆಟ್ಟಸಾಲನ್ನು ಒಂಟಿಯಾಗಿ ದಾಟಲು ಹೊರಟವರೆಲ್ಲ ಹಿಂದಿನ ದಿನ ಮಾತೆಫೊಳ ಮನೆಯಲ್ಲಿ ತಂಗಬೇಕು, ತಂಗಿದವರೆಲ್ಲ ಬೈಸಿಕೊಳ್ಳಬೇಕು. ಹೆತ್ತ ಮಗನ ಹೆಸರಿನ ಹಿಂದೆ ತಾಯಿ ಎಂಬರ್ಥದ 'ಮಾ' ಸೇರಿಸಿ ಊರು ಕರೆಯುವ ಈ ಹೆಂಗಸು ಬಂದವರ ಚೀಲವನ್ನು ಕೇಳದೆಯೇ ನೆಲಕ್ಕೆ ಸುರಿಯುತ್ತಾಳೆ. "ಪುಸ್ತಕ ಯಾಕಪ್ಪ? ಹಿಮ ಬಿದ್ದರೆ ಅದಕ್ಕೆ ಓದಿ ಹೇಳ್ತೀಯಾ?" ಎಂದು ಅದನ್ನು ಒಲೆಯ ಪಕ್ಕಕ್ಕೆ ಎಸೆದು, ಆ ಜಾಗಕ್ಕೆ ಉಪ್ಪು ಸಕ್ಕರೆ ಬೆರೆಸಿದ ಹುರಿಜೋಳದ ಹಿಟ್ಟು ತುರುಕುತ್ತಾಳೆ. ಅಂಗಿ ತೆಳುವಾಗಿದ್ದರೆ "ಇದನ್ನ ನಿಮ್ಮಮ್ಮ ನೋಡಿದಾಳಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ದಪ್ಪ ಕಂಬಳಿ ಹೊದಿಸಿ ಪಿನ್ನು ಚುಚ್ಚುತ್ತಾಳೆ. ಅವಳು ಕಟ್ಟಿದ ಚೀಲ ಹೊರಿಸಿದರೆ ಕತ್ತೆಯೂ ಗೊಣಗುತ್ತದೆ ಎಂದು ನಾವು ನಗುತ್ತೇವೆ. ಹೊರಡುವ ಬೆಳಿಗ್ಗೆ, ಆಗಷ್ಟೇ ಸೆಗಣಿ ಸಾರಿಸಿದ ಜಗಲಿಯ ಮೇಲೆ ಅವರ ಬೂಟುಗಾಲು ಒತ್ತಿಸುತ್ತಾಳೆ. ಅದೇನೋ ಶುಭಶಾಸ್ತ್ರವೆಂದುಕೊಂಡು ಅವರು ಫೋಟೊ ತೆಗೆದುಕೊಳ್ಳುತ್ತಾರೆ. ಹುಡುಕಲು ಹೋಗುವ ಹೊತ್ತು ಬಂದರೆ ಯಾವ ಹೆಜ್ಜೆಯ ಜಾಡು ಹಿಡಿಯಬೇಕೆಂದು ಕುರಿ ಕಾಯುವವರಿಗೆ ತೋರಿಸುವುದು ಆ ಗುರುತನ್ನೇ. ಆಚೆ ತಲುಪಿದ ಸುದ್ದಿ ಬಂದ ಕೂಡಲೇ ಅವಳು ಅದರ ಮೇಲೆ ಸಾರಿಸಿಬಿಡುತ್ತಾಳೆ. ಬಾಗಿಲ ಬಳಿಯ ಒಂದು ಹೆಜ್ಜೆಯನ್ನು ಮಾತ್ರ, ಒಣಗಿ ಬಿರುಕು ಬಿಟ್ಟಿದ್ದರೂ, ಎಷ್ಟೋ ವರ್ಷಗಳಿಂದ ಬಿಟ್ಟು ಸುತ್ತಲೂ ಸಾರಿಸುತ್ತಿದ್ದಾಳೆ. ಮೊನ್ನೆ ಹೊರಟ ಹುಡುಗಿಯೊಬ್ಬಳು ಅದು ಯಾರದೆಂದು ಕೇಳಿದಳು. "ನಮ್ಮ ತೆಫೊಂದು," ಎಂದಳು ಮಾತೆಫೊ, ಹುಡುಗಿಯ ಚೀಲದ ಪಟ್ಟಿ ಬಿಗಿಯುತ್ತಾ. "ಅವನ ಚೀಲ ನಾನೇ ಕಟ್ಟಿದ್ದೆ. ಹುಡುಕಿದೋರಿಗೆ ಅದೊಂದೇ ಸಿಕ್ಕಿದ್ದು. ಅದರಲ್ಲಿ ಏನೂ ಕಡಿಮೆ ಇರಲಿಲ್ಲ ಕಣಮ್ಮ."