ಸುಗುಣಾ ಆಂಟಿಯ ವಾಗ್ದಾನದ ಚೀಟಿಗಳು

ಬೆಳಿಗ್ಗೆ ದೋಸೆ ಹಿಟ್ಟಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತ ನಿಂತಿದ್ದಾಗ ಫೋನಿಗೆ ಮೆಸೇಜು ಬಂತು. ಕಳಿಸಿದವಳು ಶೀಬಾ, ಶಿವಮೊಗ್ಗದ ಹುಡುಗಿ. ನಾನು ಕೆಲಸ ಮಾಡುವ ಅಡಿಲೇಡ್‌ನ ಬೆಡ್‌ಫರ್ಡ್ ಪಾರ್ಕ್ ಆಸ್ಪತ್ರೆಗೆ ನರ್ಸಿಂಗ್ ತರಬೇತಿಗೆಂದು ಬರುತ್ತಾಳೆ. “ಅಕ್ಕ, ವೀಸಾದ್ದು ಇನ್ನೂ ಏನೂ ಗೊತ್ತಾಗ್ಲಿಲ್ಲ. ತುಂಬಾ ಭಯ ಆಗ್ತಿದೆ. ಬೈಬಲ್‌ನಿಂದ ನಂಗೇ ಅಂತ ಒಂದು ಒಳ್ಳೇ ವಚನ ಕಳಿಸ್ತೀರಾ?”

ತಲೆನೋವಿಗೆ ಮಾತ್ರೆ ಕೇಳಿದ ಹಾಗೆ ಕೇಳಿದ್ದಾಳಲ್ಲ ಎಂದು ಮೊದಲು ನಗು ಬಂತು. ಆಮೇಲೆ, ನಗುವುದಕ್ಕೆ ನನಗೇನು ಹಕ್ಕಿದೆ ಎನಿಸಿತು. ಇಂಥದೇ ಒಂದು ಮಾತ್ರೆಯನ್ನು ನಾನು ಪೂರ್ತಿ ಒಂದು ವರ್ಷ ಪರ್ಸಿನಲ್ಲಿಟ್ಟುಕೊಂಡು ತಿರುಗಿದವಳು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಆಗ ನಾನು ಪರ್ತ್‌ನ ಬೆಂಟ್ಲಿಯಲ್ಲಿದ್ದೆ. ಓದು ಮುಗಿದಿತ್ತು. ಇಲ್ಲೇ ನೆಲೆಸಲು ಸರ್ಕಾರ ಕೊಡುವ ಅನುಮತಿಗೆ, ಅಂದರೆ ನಾವೆಲ್ಲ ಪಿಆರ್ ಎನ್ನುವ ಆ ಎರಡಕ್ಷರಕ್ಕೆ, ಕಾಯುತ್ತಿದ್ದೆ. ಅದು ಬರುವ ತನಕ ಸೂಟ್‌ಕೇಸ್ ಬಿಚ್ಚುವುದಿಲ್ಲ ಎಂಬ ಹಟ ನನ್ನದು. ಒಂದು ಪಾತ್ರೆ ಕೊಳ್ಳುವಾಗಲೂ ಇದು ವಿಮಾನದವರು ಬಿಡುವ ಮೂವತ್ತು ಕೆಜಿಯೊಳಗೆ ಹಿಡಿಸುತ್ತದೆಯೇ ಎಂದು ನೋಡುತ್ತಿದ್ದೆ. ಹಾಸಿಗೆ ನೆಲದ ಮೇಲೆ, ಬಟ್ಟೆಗಳು ಪೆಟ್ಟಿಗೆಯಲ್ಲಿ, ನಾನು ಎರಡೂ ಕಡೆ ಇಲ್ಲ.

ಶನಿವಾರ ಮಧ್ಯಾಹ್ನ ಸುಗುಣಾ ಆಂಟಿಯ ಮನೆಯಲ್ಲಿ ಬೈಬಲ್ ಓದು. ಆಂಟಿ ಮೈಸೂರಿನವರು, ವಾರವಿಡೀ ವೆಲ್ಷ್‌ಪೂಲ್‌ನ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಟೇಪು ಅಂಟಿಸುವ ಕೆಲಸ. ಓದಿಗೆ ಬರುತ್ತಿದ್ದವರು ಹನ್ನೊಂದು ಜನ. ಎಲ್ಲರೂ ವಚನಕ್ಕಾಗಿಯೇ ಬರುತ್ತಿದ್ದರೆಂದರೆ ಸುಳ್ಳಾಗುತ್ತದೆ, ಆಂಟಿಯ ಕೋಳಿಸಾರಿಗೂ ಅದರಲ್ಲಿ ಪಾಲಿತ್ತು. ನಾನಿದ್ದ ಬಾಡಿಗೆ ಮನೆಯಲ್ಲೇ ಇನ್ನೊಂದು ಕೋಣೆ ಹಿಡಿದಿದ್ದ ಕಿರಣ ಸಾರಿಗಾಗಿಯೇ ಬರುತ್ತಿದ್ದ. ಅವನೂ ಮೈಸೂರಿನವನು, ಚಾಮುಂಡಿಯ ಒಕ್ಕಲು.

ಹೊಸ ವರ್ಷದ ಮೊದಲ ದಿನ ವಾಗ್ದಾನದ ಚೀಟಿ ಎತ್ತುವುದು ನಮ್ಮಲ್ಲಿ ರೂಢಿ. ವಚನ ಬರೆದ ಚೀಟಿಗಳನ್ನು ಡಬ್ಬಿಗೆ ಹಾಕಿರುತ್ತಾರೆ. ಕಣ್ಣುಮುಚ್ಚಿ ಒಂದನ್ನು ಎತ್ತಬೇಕು, ಅದೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ನೆರವೇರುವ ತನಕ ಯಾರಿಗೂ ತೋರಿಸಬಾರದು ಎಂಬುದೊಂದು ನಿಯಮವೂ ಉಂಟು. ಯಾವ ಪಾದ್ರಿಯೂ ಅದನ್ನು ಹೇಳಿಕೊಟ್ಟದ್ದಿಲ್ಲ, ಆದರೂ ಮುರಿಯಲು ಎಲ್ಲರಿಗೂ ಹೆದರಿಕೆ. ಆ ವರ್ಷ ಚೀಟಿಗಳನ್ನು ಆಂಟಿಯೇ ಕೈಯಾರೆ ಬರೆದಿದ್ದರು. “ನಂಗೂ ಒಂದು ಇರ್ಲಿ ಆಂಟಿ,” ಎಂದು ಕಿರಣನೂ ಎತ್ತಿಕೊಂಡ.

ನನಗೆ ಬಂದದ್ದು ಪ್ರವಾದಿ ಯೆರೆಮೀಯನ ಪುಸ್ತಕದ ಇಪ್ಪತ್ತೊಂಬತ್ತನೇ ಅಧ್ಯಾಯದ ಪ್ರಸಿದ್ಧ ವಚನ. ನಿಮ್ಮ ವಿಷಯದಲ್ಲಿ ನನ್ನ ಮನಸ್ಸಿನಲ್ಲಿರುವುದು ಕೇಡಲ್ಲ, ಒಳಿತೇ, ನಿಮಗೊಂದು ನಾಳೆಯಿದೆ ಎಂದು ದೇವರು ಹೇಳುವ ಮಾತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಇದಕ್ಕಿಂತ ಸ್ಪಷ್ಟವಾಗಿ ವೀಸಾ ಕಚೇರಿಯವರೂ ಬರೆಯಲಾರರು ಎಂದುಕೊಂಡೆ.

ಆ ವರ್ಷ ಆಂಟಿ ಎರಡು ಸಲ ಅದೇ ಅಧ್ಯಾಯ ಓದೋಣ ಎಂದರು. ನನ್ನ ಗುಟ್ಟು ರಟ್ಟಾದೀತೆಂದು ನಾನು ಬೇರೆ ಓದೋಣ ಎಂದೆ. ವಿಚಿತ್ರವೆಂದರೆ ಉಳಿದವರೂ ಹೌದು ಹೌದು, ಬೇರೆ ಓದೋಣ ಎಂದರು. ನನಗೆ ಆಗಲೂ ಹೊಳೆಯಲಿಲ್ಲ.

ಡಿಸೆಂಬರ್ ಬಂತು, ಪಿಆರ್ ಬರಲಿಲ್ಲ. ಕ್ರಿಸ್‌ಮಸ್ ಕಳೆದ ಶನಿವಾರ, ಎಲ್ಲರೂ ಊಟಕ್ಕೆ ಕೂತಿದ್ದಾಗ, ನಾನು ಚೀಟಿಯನ್ನು ಮೇಜಿನ ಮೇಲೆ ಕುಕ್ಕಿದೆ. “ತಗೊಳ್ಳಿ ಆಂಟಿ, ನಿಮ್ಮ ವಾಗ್ದಾನ. ನಾನು ಊರಿಗೆ ಹೋಗ್ತೀನಿ. ಇನ್ಮೇಲೆ ಬೈಬಲ್ ಮುಟ್ಟಲ್ಲ.” ಸಿಟ್ಟಿನ ಮಾತಲ್ಲ ಅದು. ಟಿಕೆಟ್ ನೋಡಿಟ್ಟಿದ್ದೆ. ಸಾಯುವಷ್ಟು ದಣಿದಿದ್ದೆ.

ಕಿರಣ ಚೀಟಿ ನೋಡಿದ. ವ್ಯಾಲೆಟ್ ತೆಗೆದು, ಚಾಮುಂಡಿಯ ಫೋಟೋದ ಹಿಂದಿನಿಂದ ಮಡಿಸಿದ ಚೀಟಿಯೊಂದನ್ನು ಎಳೆದು ಪಕ್ಕದಲ್ಲಿಟ್ಟ. ಅದೇ ಅಕ್ಷರ, ಅದೇ ವಚನ. ಪಕ್ಕದವಳು ಬ್ಯಾಗಿಗೆ ಕೈಹಾಕಿದಳು. ಇನ್ನೊಬ್ಬ ಫೋನ್ ಕವರ್ ಬಿಚ್ಚಿದ. ಮೇಜಿನ ಮೇಲೆ ಒಂದೇ ವಚನದ ಚೀಟಿಗಳು ಸಾಲುಗಟ್ಟಿದವು.

“ಮಮ್, ದಟ್ಸ್ ಚೀಟಿಂಗ್!” ಎಂದಳು ಆಂಟಿಯ ಮಗಳು ಗ್ರೇಸ್.

“ಹನ್ನೊಂದು ಜನ ಬರ್ತಿದ್ರಿ, ಹನ್ನೊಂದು ಜನಾನೂ ಕಾಯ್ತಿದ್ರಿ,” ಎಂದರು ಆಂಟಿ. “ಬೇರೆ ಬೇರೆ ಯಾಕೆ ಬರೀಲಿ? ಅವತ್ತೇ ಬಿಚ್ಚಿ ಒಬ್ರಿಗೊಬ್ರು ತೋರಿಸ್ತೀರ, ನಗ್ತೀರ, ಆಮೇಲೆ ಒಟ್ಟಿಗೆ ಪೂರ್ತಿ ಓದೋಣ ಅಂದ್ಕೊಂಡಿದ್ದೆ. ನೀವು ನೋಡಿದ್ರೆ ಒಬ್ಬೊಬ್ಬರೂ ಜೇಬಿಗೆ ಹಾಕ್ಕೊಂಡು ಹೊರಟೋದ್ರಿ! ಮುಖದಲ್ಲಿ ಆ ಖುಷಿ ನೋಡಿ ಹೇಳೋಕೆ ಬಾಯೇ ಬರ್ಲಿಲ್ಲ. ತಪ್ಪು ನಂದೇ. ಈಗ ಓದು, ಮೊದಲ್ನೇ ಸಾಲಿಂದ.”

ಓದಿದೆ, ಒರಟು ದನಿಯಲ್ಲಿ. ಅದೊಂದು ಕಾಗದ. ಸ್ವಂತ ಊರಿಂದ ದೂರದ ಬಾಬೆಲಿಗೆ ಸೆರೆಹೋದವರಿಗೆ, ಇನ್ನೇನು ನಾಳೆ ವಾಪಸು ಎಂದು ಗಂಟುಮೂಟೆ ಬಿಚ್ಚದೆ ಕೂತವರಿಗೆ, ಪ್ರವಾದಿ ಬರೆದದ್ದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ, ಮದುವೆಯಾಗಿ ಮಕ್ಕಳನ್ನು ಪಡೆಯಿರಿ, ನೀವಿರುವ ಪಟ್ಟಣದ ಒಳಿತಿಗೆ ಪ್ರಾರ್ಥಿಸಿ ಎನ್ನುತ್ತಾನೆ. ನನ್ನ ವಚನ ಬರುವುದು ಅದೆಲ್ಲ ಆದ ಮೇಲೆ. ಅದರ ಹಿಂದಿನ ವಚನದಲ್ಲಿ, ಹಿಂದಿರುಗುವುದು ಎಪ್ಪತ್ತು ವರ್ಷ ಕಳೆದ ಮೇಲೆ ಎಂದಿದೆ.

“ಎಪ್ಪತ್ತಾ?” ಎಂದೆ. “ಅಷ್ಟೊತ್ತಿಗೆ ನಂಗೆ ತೊಂಬತ್ತಾರು!”

ಎಲ್ಲರೂ ನಕ್ಕರು. ಆಂಟಿ ನಗಲಿಲ್ಲ. “ಹೌದಮ್ಮ. ಆ ಕಾಗದ ಕೇಳಿಸ್ಕೊಂಡವರಲ್ಲಿ ಎಷ್ಟೋ ಜನ ಊರು ನೋಡ್ಲೇ ಇಲ್ಲ. ಆದ್ರೂ ಒಳ್ಳೇದೇ ಮಾಡ್ತೀನಿ ಅಂದಿದ್ದು ಅವ್ರಿಗೇನೇ. ಅವ್ರು ತಿಂದ ಸೊಪ್ಪು ತರಕಾರಿ ಸುಳ್ಳಾ?”

ನನಗೆ ಬೇಕಾಗಿದ್ದ ಉತ್ತರ ಅದಾಗಿರಲಿಲ್ಲ. ಆದರೂ ಎದೆಯ ಮೇಲಿನ ಭಾರ ಇಳಿದಂತಾಯಿತು. ವಯಸ್ಸು, ಓದು, ಕೆಲಸ ನೋಡಿ ಸರ್ಕಾರ ಕೊಡುವ ನನ್ನ ವೀಸಾ ಅಂಕಗಳು ಆ ವಚನಕ್ಕೆ ಗೊತ್ತಿರಲಿಲ್ಲ. ಅದು ನನ್ನನ್ನು ಈ ಹನ್ನೊಂದು ಜನರ ನಡುವೆ ಕೂರಿಸಿ, ಉಣ್ಣು ಎಂದಿತ್ತು. ಮರುದಿನವೇ ಸೂಟ್‌ಕೇಸ್ ಬಿಚ್ಚಿದೆ. ವಾರದೊಳಗೆ ಒಂದು ಹಳೇ ಗ್ರೈಂಡರ್ ಕೊಂಡೆ, ಕಲ್ಲೂ ಸೇರಿ ಯಾವ ವಿಮಾನದವರೂ ಒಪ್ಪದಷ್ಟು ಭಾರದ್ದು. ಅದನ್ನು ಹೊತ್ತು ತಂದ ಕಿರಣ ದಾರಿಯುದ್ದಕ್ಕೂ ನನ್ನನ್ನೂ ಯೆರೆಮೀಯನನ್ನೂ ಒಟ್ಟಿಗೆ ಬೈದ.

ನನಗೆ ಪಿಆರ್ ಬರಲು ಇನ್ನೂ ಮೂರು ವರ್ಷ ಹಿಡಿಯಿತು. ಕಿರಣನಿಗೆ ಬರಲೇ ಇಲ್ಲ. ಅವನನ್ನು ವಿಮಾನ ಹತ್ತಿಸಿ ಬಂದ ದಿನ ಆಂಟಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದರು, ಯಾರೂ ಹೇಳಲಿಲ್ಲ. ಅವನು ಈಗ ಮೈಸೂರಿನಲ್ಲಿ ಸುಖವಾಗಿದ್ದಾನೆ. ಚೀಟಿ ಇನ್ನೂ ವ್ಯಾಲೆಟ್‌ನಲ್ಲಿದೆಯಂತೆ. ಯಾಕೋ ಎಂದರೆ, “ಆಂಟಿ ನನ್ನನ್ನೂ ಲೆಕ್ಕಕ್ಕೆ ತಗೊಂಡಿದ್ರಲ್ಲ, ಅದಕ್ಕೆ,” ಎನ್ನುತ್ತಾನೆ.

ಶೀಬಾಳಿಗೆ ಉತ್ತರ ಬರೆಯಲು ಕೂತೆ. ಮೊದಲು ಆ ಪ್ರಸಿದ್ಧ ವಚನವನ್ನೇ ಟೈಪ್ ಮಾಡಿ, ಅಳಿಸಿದೆ. ಆಮೇಲೆ ಬರೆದೆ: “ನಿಂಗೇ ಅಂತ ಒಂದು ವಚನ ನನ್ನ ಹತ್ರ ಇಲ್ಲ ಕಣೇ. ಶನಿವಾರ ಮನೆಗೆ ಬಾ, ಇಡೀ ಅಧ್ಯಾಯ ಓದೋಣ. ನಿನ್ನ ಹಾಗೇ ಕಾಯ್ತಿರೋರು ಯಾರಿದ್ರೂ ಕರ್ಕೊಂಡು ಬಾ.”

ತಕ್ಷಣ ಅವಳ ಪ್ರಶ್ನೆ ಬಂತು: “ಐದು ಜನ ಇದ್ದಾರೆ ಅಕ್ಕ. ಎಲ್ಲರನ್ನೂ ಕರ್ಕೊಂಡು ಬರ್ಲಾ?”