ಗುಂಡ್ಯಾ ಅಟ್ಟ ಏರಿದ ದಿನ

ನನ್ನ ಸೋದರತ್ತೆ ತುಳಸೀಬಾಯಿಗೆ ಬಾಗಲಕೋಟೆಯ ನವನಗರದವರು ಇಟ್ಟ ಹೆಸರು ಸಿಡಿಮದ್ದು. ಇಟ್ಟವರ ನಾಲಿಗೆಗಿಷ್ಟು ಬೆಂಕಿ ಹಾಕ. ಪ್ರಾಥಮಿಕ ಶಾಲೆಯಲ್ಲಿ ಜೀವಮಾನವಿಡೀ ಕೂಗಿ ಪಾಠ ಹೇಳಿದ ಗಂಟಲು ಅದು, ನಿವೃತ್ತಿಯಾದರೂ ಇಳಿದಿಲ್ಲ. ಹಾಲಿನವನಿಗೆ ಬೈಗುಳ, ಬಾರದ ನಲ್ಲಿ ನೀರಿಗೆ ಬೈಗುಳ, ತಮ್ಮನಾದ ನನ್ನ ಅಪ್ಪ ಅನಂತನಿಗಂತೂ ಕೂತರೆ ನಿಂತರೆ ಬೈಗುಳ. ನಮ್ಮ ಮನೆಯಲ್ಲಿ ಇದೆಲ್ಲ ನಡೆಯುವಾಗ ಅವಳ ಬೆಕ್ಕು ಗುಂಡ್ಯಾ ಅವಳದೇ ತೊಡೆಯ ಮೇಲೆ ಅಂಗಾತ ಮಲಗಿರುತ್ತದೆ. ಅದರ ಒಂದು ಮೀಸೆಯೂ ಅಲುಗುವುದಿಲ್ಲ.

ಅವಳು ಸುಮ್ಮನಾದ ದಿನ ಮಾತ್ರ ಅದಕ್ಕೆ ನಿದ್ದೆಯಿಲ್ಲ. ಎದ್ದು ಬಂದು ಅವಳ ಮೊಣಕೈಗೆ ತಲೆ ತಿಕ್ಕುತ್ತದೆ, ಹಾಲಿಟ್ಟರೂ ಹೋಗುವುದಿಲ್ಲ. ಅವಳಿಗೆ ಏನೋ ಆಗಿದೆ ಎಂದು ನಮಗೆ ಗೊತ್ತಾಗುವುದೇ ಬೆಕ್ಕಿನಿಂದ.

"ಬೆಕ್ಕು ಬಾಯಿ ನೋಡೂದಿಲ್ಲ, ಮೈ ನೋಡ್ತದ," ಎನ್ನುತ್ತಾಳೆ ಅತ್ತೆ. ಇದನ್ನು ಅವಳು ಕಲಿತದ್ದು ಬಾದಾಮಿಯಲ್ಲಿ, ಗಂಡನ ಮನೆಯಲ್ಲಿ. ಆತ ಒಂದು ದಿನವೂ ದನಿ ಏರಿಸಿದವನಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ನಗುತ್ತಲೇ ಅವಳನ್ನು ಉಗ್ರಾಣಕ್ಕೆ ಕರೆದುಕೊಂಡು ಹೋಗಿ, ಮೆತ್ತಗೆ ಹೊರಗಿನಿಂದ ಕೊಂಡಿ ಹಾಕುತ್ತಿದ್ದ. ಊಟವಿಲ್ಲ, ನೀರಿಲ್ಲ, ಸಂಜೆಯವರೆಗೆ. ಆತ ಅಂಥ ಮನಸ್ಸಿನಲ್ಲಿ ಮನೆಗೆ ಬಂದಾಗಲೆಲ್ಲ, ಬಾಯಿ ತೆರೆಯುವ ಮೊದಲೇ, ಆ ಮನೆಯ ಬೆಕ್ಕು ಹಿತ್ತಲಿಗೆ ಹಾರುತ್ತಿತ್ತು. ಅತ್ತೆ ಕೊನೆಗೆ ಉಟ್ಟ ಸೀರೆಯಲ್ಲೇ ತವರಿಗೆ ಬಂದಳು. "ಅಂಥಾ ಶಾಂತ ಮನಷ್ಯಾನ್ನ ಬಿಟ್ಟು ಬಂದಾಳ," ಎಂದರು ನಮ್ಮ ಬಂಧು ಬಳಗ. ಅವರಿಗೆ ಅಷ್ಟು ಶಾಂತಿ ಬೇಕಿದ್ದರೆ ತಾವೇ ಆ ಉಗ್ರಾಣದಲ್ಲಿ ಒಂದು ದಿನ ಕೂತು ಬರಬೇಕಿತ್ತು.

ತಪ್ಪು ನಮ್ಮ ಕಡೆಯ ಜನರದೇ. ನಾವು ಊಟಕ್ಕೆ ಕರೆದರೂ ಜಗಳಕ್ಕೆ ಕರೆದಂತೆ ಕೇಳುತ್ತದೆ. ಹಾಗಾಗಿ ಮೆತ್ತಗೆ ಮಾತಾಡುವವನು ಸಿಕ್ಕರೆ ಸಾಕು, ಸಂಸ್ಕಾರವಂತ ಎಂದು ತಲೆಯ ಮೇಲೆ ಕೂರಿಸಿಕೊಳ್ಳುತ್ತೇವೆ. ನನ್ನ ತಂಗಿ ಸಂಪದಾಗೆ ಇಳಕಲ್ಲಿನ ಮಿಲಿಂದನ ಸಂಬಂಧ ಬಂದಾಗ ಅಪ್ಪ ಮರುಳಾದದ್ದೂ ಅವನ ಮೆತ್ತನೆಯ ದನಿಗೇ. ಒಳ್ಳೆಯ ನೌಕರಿ, ಸ್ವಂತ ಮನೆ, ಮನೆಯಲ್ಲಿ ತಾಯಿ ಒಬ್ಬರೇ. ಸಂಪದಾಗೂ ಹುಡುಗ ಹಿಡಿಸಿದ್ದ.

ಪದ್ಧತಿಯಂತೆ ನಾವು ಇಳಕಲ್ಲಿಗೆ ಮನೆ ನೋಡಲು ಹೋದೆವು. ಅಪ್ಪ ಕೋಣೆ ನೋಡಿದ, ನಾನು ಅಡುಗೆಮನೆ ನೋಡಿದೆ, ಅತ್ತೆ ಅಲ್ಲಿ ಹಾಲು ನೆಕ್ಕುತ್ತಿದ್ದ ಬೂದು ಬೆಕ್ಕನ್ನು ನೋಡಿದಳು. ಹೊರಗೆ ಗೇಟಿನ ಸದ್ದಾಯಿತು. ಬೆಕ್ಕು ಅರ್ಧ ಹಾಲು ಬಿಟ್ಟು ಕಾಳಿನ ಡಬ್ಬಿಗಳ ಸಂದಿಗೆ ಸೇರಿತು. ಒಳಗೆ ಬಂದವನು ಮಿಲಿಂದ. ಚಹಾ ಸೋಸುತ್ತಿದ್ದ ಅವನ ತಾಯಿ ಬನಶಂಕರಿಬಾಯಿಯ ಕೈಯೂ ಅದೇ ಹೊತ್ತಿಗೆ ನಿಂತಿತ್ತಂತೆ. ಅದು ಅತ್ತೆಗಷ್ಟೇ ಕಂಡಿತು.

"ಈ ಮನಿಗೆ ಹುಡುಗಿ ಬ್ಯಾಡ," ಎಂದಳು ಅತ್ತೆ, ವಾಪಸು ಬರುವಾಗ ಬಸ್ಸಿಡೀ ಕೇಳುವಂತೆ.

ಬೆಕ್ಕು ನೋಡಿ ಸಂಬಂಧ ಮುರಿಯಲು ಹೊರಟವಳೆಂದು ಬಳಗವೆಲ್ಲ ನಕ್ಕಿತು. ತನ್ನ ಸಂಸಾರ ಹಾಳು ಮಾಡಿಕೊಂಡವಳು ಇನ್ನೊಬ್ಬರದನ್ನು ಕಟ್ಟಗೊಡುತ್ತಾಳೆಯೇ ಎಂದರು. ಆ ಮಾತು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅತ್ತೆ ಆ ವಾರ ಯಾರಿಗೂ ಬೈಯಲಿಲ್ಲ. ಗುಂಡ್ಯಾ ಅವಳನ್ನು ಬಿಟ್ಟು ಕದಲಲಿಲ್ಲ. ಅಪ್ಪ ಮಾತ್ರ ಮಿಲಿಂದನಿಗೆ ಫೋನು ಮಾಡಿ, ಬೆಕ್ಕಿನ ಮಾತನ್ನೂ ಹೇಳಿ ನಕ್ಕು, ಸಮಾಧಾನಕ್ಕೆಂದು ತಾಯಿ-ಮಗನನ್ನು ಮನೆಗೆ ಕರೆದ.

ಭಾನುವಾರ ಅವರು ಬಂದರು. ಸಂಪದಾ ಚಹಾ ತಂದಳು. ಮಿಲಿಂದ ಅತ್ತೆಯ ತೊಡೆಯ ಮೇಲಿದ್ದ ಗುಂಡ್ಯಾನನ್ನು ನೋಡಿ ನಕ್ಕ. "ಇವರ ಅಪ್ಪಣಿ ಆಗಬೇಕೇನ್ರಿ ನಮ್ಮ ಲಗ್ನಕ್ಕ?" ಎಂದ. ಎಲ್ಲರೂ ನಕ್ಕರು. ನಗುವಾಗ ಬನಶಂಕರಿಬಾಯಿಯ ಕೈಯಲ್ಲಿದ್ದ ಕಪ್ಪು ತುಳುಕಿ ಅವನ ಪ್ಯಾಂಟಿನ ಮೇಲೆ ಚಹಾ ಬಿತ್ತು.

"ಇರಲಿ ಅಮ್ಮಾ," ಎಂದ ಅವನು, ಇನ್ನೂ ಮೆತ್ತಗೆ. "ಮನಿಗೆ ಹೋಗಿ ನೋಡೋಣಂತ."

ಗುಂಡ್ಯಾನ ಎರಡೂ ಕಿವಿ ತಲೆಗೆ ಅಂಟಿದವು. ನಮ್ಮ ಮನೆಯ ಅಷ್ಟೆಲ್ಲ ಕೂಗಾಟದಲ್ಲಿ ಅಲುಗದ ಪ್ರಾಣಿ, ಅತ್ತೆಯ ಸೀರೆಗೆ ಉಗುರು ಊರಿ ಹಾರಿ, ಕಪಾಟು ಹತ್ತಿ ಅಟ್ಟ ಸೇರಿತು. ಬನಶಂಕರಿಬಾಯಿ ನೆಲಕ್ಕೆ ಕೂತು ಸೆರಗಿನಿಂದ ಮಗನ ಪ್ಯಾಂಟು ಒರೆಸುತ್ತಿದ್ದರು. ಚಹಾ ಹೋದ ಮೇಲೂ ಒರೆಸುತ್ತಲೇ ಇದ್ದರು. ಸಂಪದಾ ಒಮ್ಮೆ ಅಟ್ಟದ ಕಡೆ ನೋಡಿದಳು, ಒಮ್ಮೆ ಆ ಕೈಗಳ ಕಡೆ ನೋಡಿದಳು.

"ಅಪ್ಪಾ, ನಾ ಒಲ್ಲೆ," ಎಂದಳು.

ಮಿಲಿಂದ ಮುಗುಳ್ನಗುತ್ತಲೇ ಎದ್ದು, ಎಲ್ಲರಿಗೂ ಕೈ ಮುಗಿದು, ಕಾರು ತಿರುಗಿಸಲು ಹೋದ. ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡ ಬನಶಂಕರಿಬಾಯಿ ಕತ್ತೆತ್ತಿ ಅಟ್ಟದ ಕಡೆ ನೋಡಿದರು.

"ನಿನಗರೆ ಅಟ್ಟ ಅದ," ಎಂದರು, ಬೆಕ್ಕಿಗೆ.

ವಾರದಿಂದ ಮುಚ್ಚಿದ್ದ ಅತ್ತೆಯ ಬಾಯಿ ತೆರೆಯಿತು. ಓಣಿಯ ತುದಿಗೂ ಕೇಳಿಸಿರಬೇಕು.

"ಬನಶಂಕರಿಬಾಯಿ, ಹುಡುಗಿ ಕೊಡೂದಿಲ್ಲರಿ. ನೀವು ಬೇಕಾದ್ರ ಇಲ್ಲೇ ಇರ್ರಿ. ಯಾವ ಮಗಾ ಬಂದು ಕರೀತಾನ, ನಾ ನೋಡ್ತೇನಿ."

ಹೊರಗೆ ಕಾರಿನ ಹಾರ್ನ್ ಸಣ್ಣಗೆ ಕೂಗಿತು. ಬನಶಂಕರಿಬಾಯಿ ಕಾಲಿಗೆ ಹಾಕಿಕೊಂಡಿದ್ದ ಚಪ್ಪಲಿಯನ್ನು ತೆಗೆದರು.